ಚಿಗರಿ ಓಡುತ್ತದೆ, ನಿಲ್ದಾಣ ತಲುಪುವುದು ಹೇಗೆ?

ಹುಬ್ಬಳ್ಳಿ: ಅವಳಿ ನಗರದ ನಡುವಿನ ರಸ್ತೆಯಲ್ಲಿ ಕಾರು, ಬೈಕುಗಳು ಒತ್ತೊತ್ತಾಗಿ ನಿಂತಿರುವಾಗ ಪಕ್ಕದ ಪಥ ಖಾಲಿ ಬಿದ್ದಿರುವುದನ್ನು ಕಂಡು ಗೊಣಗದ ಚಾಲಕರು ವಿರಳ. ‘ಚಿಗರಿ’ ಬಸ್ಸುಗಳಿಗೆ ಮೀಸಲಾದ ಈ ಪಥವನ್ನು ಎಲ್ಲ ವಾಹನಗಳಿಗೂ ಮುಕ್ತಗೊಳಿಸಬೇಕೆಂಬ ಕೂಗು ಆಗಾಗ ಏಳುವುದೂ ಇದರಿಂದಲೇ.

ಆದರೆ ಖಾಲಿ ಕಂಡ ಮಾತ್ರಕ್ಕೆ ಪಥ ವ್ಯರ್ಥವಲ್ಲ. ಎರಡು ನಿಮಿಷಕ್ಕೊಂದು ಬಸ್ಸು, ಬಸ್ಸಿನಲ್ಲಿ 50 ಜನ ಎಂದಿಟ್ಟುಕೊಂಡರೆ ಗಂಟೆಗೆ 1,500 ಮಂದಿ ಸಾಗುತ್ತಾರೆ. ಅವರೆಲ್ಲ ಒಬ್ಬೊಬ್ಬರಾಗಿ ಕಾರಿನಲ್ಲಿ ಹೊರಟರೆ ರಸ್ತೆಗಿಳಿಯುವುದು 1,500 ಕಾರು. ಎರಡು ಬಸ್ಸುಗಳ ನಡುವಿನ ಆ ಬಿಡುವೇ ವೇಗದ ಗುಟ್ಟು.

ವಿಶ್ವಬ್ಯಾಂಕ್ ನೆರವಿನ ಈ ತ್ವರಿತ ಬಸ್ ಸಾರಿಗೆ 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಸುಮಾರು 22 ಕಿ.ಮೀ. ಉದ್ದದ ಮಾರ್ಗದಲ್ಲಿ ಪ್ರಯಾಣಿಕರು ನಿಲ್ದಾಣದಲ್ಲೇ ಟಿಕೆಟ್ ಪಡೆಯುತ್ತಾರೆ. ಬಸ್ಸಿನ ನೆಲಕ್ಕೆ ಸಮನಾದ ಕಟ್ಟೆಯಿಂದ ನೇರವಾಗಿ ಒಳಹೊಗುತ್ತಾರೆ. ನಿಲ್ದಾಣಗಳ ಬಳಿ ಹೆಚ್ಚುವರಿ ಪಥವಿರುವುದರಿಂದ ವೇಗದೂತ ಬಸ್ಸು ಮುಂದಿನ ಬಸ್ಸಿಗೆ ಕಾಯಬೇಕಿಲ್ಲ. ಪಥವನ್ನು ಎಲ್ಲರಿಗೂ ತೆರೆದರೆ ಇವೆಲ್ಲವೂ ಇದ್ದೂ ಇಲ್ಲದಂತೆಯೇ ಸರಿ. ದೆಹಲಿಯಲ್ಲಿ ಅಂಬೇಡ್ಕರ್ ನಗರ–ಮೂಲಚಂದ್ ನಡುವೆ 2008ರಲ್ಲಿ ತೆರೆದ ಇಂಥದೇ ಮಾರ್ಗವನ್ನು ಕಾರು ಮಾಲೀಕರ ವಿರೋಧದ ನಡುವೆ 2016ರಲ್ಲಿ ಕೆಡವಲಾಯಿತು.

ಹಾಗೆಂದು ಟೀಕೆಗಳೆಲ್ಲ ಹುಸಿಯಲ್ಲ. ಚಿಗರಿ ಓಡುವುದು ಒಂದೇ ರಸ್ತೆಯಲ್ಲಿ. ವಿದ್ಯಾನಗರ, ಉಣಕಲ್, ನವನಗರದವರಿಗೆ ಅದು ಮನೆಬಾಗಿಲ ಬಸ್ಸು. ಕೇಶ್ವಾಪುರ, ಗೋಕುಲ ರಸ್ತೆಯ ಒಳಬಡಾವಣೆಗಳವರಿಗೆ ಹಾಗಲ್ಲ. ಅಲ್ಲಿಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೊರಟವರು ಮೊದಲು ಆಟೋ ಅಥವಾ ನಗರ ಸಾರಿಗೆ ಹಿಡಿದು ಚಿಗರಿ ನಿಲ್ದಾಣ ತಲುಪಬೇಕು. ಧಾರವಾಡದಲ್ಲಿ ಇಳಿದು ಮತ್ತೊಂದು ವಾಹನ ಹುಡುಕಬೇಕು. ನಡುವಿನ ದಾರಿಯಲ್ಲಿ ಉಳಿಸಿದ ಸಮಯವನ್ನು ಎರಡೂ ತುದಿಗಳು ನುಂಗಿಹಾಕುತ್ತವೆ. ಮನೆ ಮುಂದೆ ಬೈಕು ನಿಂತಿರುವಾಗ ಯಾರು ತಾನೇ ಈ ಗೋಜಿಗೆ ಹೋಗುತ್ತಾರೆ?

ದರದ ಪ್ರಶ್ನೆಯೂ ಇದೆ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಜಾರಿಯಾದಾಗ ಹವಾನಿಯಂತ್ರಿತ ಬಸ್ಸುಗಳನ್ನು ಉಚಿತ ಪ್ರಯಾಣದಿಂದ ಹೊರಗಿಡಲಾಯಿತು. ಅವುಗಳೊಂದಿಗೆ ಚಿಗರಿಯೂ ಹೊರಗುಳಿಯಿತು. ನಿತ್ಯ ಓಡಾಡುವ ಮಹಿಳೆಯರ ಮುಂದೆ ಹೀಗೆ ಎರಡು ದಾರಿ: ಹಣ ತೆತ್ತು ಮೀಸಲು ಪಥದಲ್ಲಿ ಬೇಗ ತಲುಪುವುದು, ಇಲ್ಲವೇ ಸಾಮಾನ್ಯ ಸಾರಿಗೆಯಲ್ಲಿ ಉಚಿತವಾಗಿ, ದಟ್ಟಣೆಯ ನಡುವೆ ಸಾಗುವುದು.

ಪಥ ತೆರೆಯುವುದಕ್ಕಿಂತ ಅಗತ್ಯವಾದುದು ಬಡಾವಣೆಗಳಿಂದ ಚಿಗರಿಯ ವೇಳೆಗೆ ಹೊಂದುವ ಸಣ್ಣ ಬಸ್ಸುಗಳು, ಎರಡಕ್ಕೂ ಸಲ್ಲುವ ಒಂದೇ ಟಿಕೆಟ್, ನಿಲ್ದಾಣದ ಬಳಿ ಸೈಕಲ್, ಬೈಕು ನಿಲ್ಲಿಸಲು ಸುರಕ್ಷಿತ ಜಾಗ. ರಸ್ತೆ ಮಧ್ಯದ ನಿಲ್ದಾಣಕ್ಕೆ ವೃದ್ಧರು ಅಂಜದೆ ದಾಟಿ ಹೋಗುವಂತಾಗಬೇಕಾದುದೂ ಇದರಲ್ಲಿ ಸೇರಿದೆ.