ಹಸುವಿನ ಉಣ್ಣೆ ಔಷಧಿ ಕೆರೆಯ ಮೀನಿಗೆ ವಿಷ

ಉಣ್ಣೆ ಔಷಧಿ ಹಚ್ಚಿದ ಹಸುವನ್ನು ನೇರವಾಗಿ ಕೆರೆಗೆ ಇಳಿಸುತ್ತೀರಾ? ಔಷಧಿ ಕಲಸಿದ ಬಕೆಟ್ಟನ್ನು ಕಾಲುವೆಯಲ್ಲೇ ತೊಳೆಯುತ್ತೀರಾ? ಹಾಗಿದ್ದರೆ ಇದನ್ನು ಓದಿ.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಿಗಳು ಉಣ್ಣೆಯ ನರಗಳನ್ನು ಕೆಡಿಸಿ ಕೊಲ್ಲುತ್ತವೆ. ಹಸುವಿನ ದೇಹ ಈ ವಿಷವನ್ನು ಬೇಗ ಒಡೆದು ಹೊರಹಾಕುತ್ತದೆ. ಮೀನಿಗೆ ಆ ಶಕ್ತಿ ಬಹಳ ಕಡಿಮೆ. ವಿಷ ಕಿವಿರಿನ ಮೂಲಕ ಒಳಹೊಕ್ಕರೆ ಮೀನು ಹತೋಟಿ ತಪ್ಪಿ ಈಜಿ, ಉಸಿರಾಡಲಾಗದೆ ಸಾಯುತ್ತದೆ.

ಎಷ್ಟು ವಿಷ ಸಾಕು? ಶೇ. 1.25ರ ಡೆಲ್ಟಾಮೆಥ್ರಿನ್‌ನ 1 ಮಿಲಿಯಲ್ಲಿ 12.5 ಮಿಲಿಗ್ರಾಂ ವಿಷವಿರುತ್ತದೆ. ಅಷ್ಟು 10,000 ಲೀಟರ್ ನೀರಿಗೆ ಬೆರೆತರೂ ಎಳೆಯ ಮೀನುಮರಿಗಳು ಸಾಯಬಹುದು. ಸೀಗಡಿ, ನೀರಿನ ಹುಳುಗಳೂ ಉಳಿಯವು. ಸೊಳ್ಳೆಮರಿ ತಿನ್ನುವ ಕೊಡತಿ ಹುಳುವಿನ ಮರಿಗಳೂ ಸಾಯುತ್ತವೆ. ಆಗ ಸೊಳ್ಳೆ ಹೆಚ್ಚುತ್ತದೆ.

ಹಾಗೆಂದು ಔಷಧಿ ಬಿಡಬೇಕಿಲ್ಲ. ಉಣ್ಣೆಯಿಂದ ಥೈಲೇರಿಯಾ, ಬೆಬೇಸಿಯಾ ರೋಗಗಳು ಬರುತ್ತವೆ. ಹೀಗೆ ಮಾಡಿ:

• ಪಶುವೈದ್ಯರು ಹೇಳಿದ ಅಳತೆಯಲ್ಲೇ, ಕೈಗವಸು ಹಾಕಿಕೊಂಡು ಕಲಸಿ. ಹಾಲಿನ ಬಳಕೆ ಬಗ್ಗೆಯೂ ಅವರನ್ನೇ ಕೇಳಿ.
• ಅಂದಿಗೆ ಬೇಕಾದಷ್ಟನ್ನೇ ಕಲಸಿ.
• ಔಷಧಿ ಹಚ್ಚಿದ ರಾಸನ್ನು ಕೆಲವು ದಿನ ಕೆರೆ, ಹೊಳೆಗೆ ಇಳಿಸಬೇಡಿ. ನೀರನ್ನು ಕೊಟ್ಟಿಗೆಯಲ್ಲೇ ಕುಡಿಸಿ.
• ಬಕೆಟ್ ತೊಳೆದ ನೀರನ್ನು ಬಾವಿ, ಕೆರೆ, ಕಾಲುವೆಯಿಂದ ದೂರ, ಒಣನೆಲದ ಗುಂಡಿಗೆ ಸುರಿಯಿರಿ. ಈ ವಿಷ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೇಗ ಹರಿದುಹೋಗುವುದಿಲ್ಲ.
• ಖಾಲಿ ಬಾಟಲಿಯನ್ನು ಹಾಲು, ನೀರು, ಎಣ್ಣೆಗೆ ಬಳಸಲೇಬೇಡಿ.

ನಿಮ್ಮ ರಾಸು ಕುಡಿಯುವ ಕೆರೆಯಲ್ಲಿ ಮೀನು ಬದುಕಬೇಕಾದರೆ, ಔಷಧಿ ಕೊಟ್ಟಿಗೆಯಲ್ಲೇ ಉಳಿಯಲಿ.