ಹೆಜ್ಜೆ ಎಣಿಸಿದರೆ ಸಾಕೇ?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರವೊಂದು ಜಪಾನಿನ ಮಾರುಕಟ್ಟೆಗೆ ಬಂತು. ಹೆಸರು ‘ಮಾಂಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟಕ್ಕೆಂದು ಇಟ್ಟ ಆ ಹೆಸರೇ ಊರೂರಿನ ಪಾರ್ಕುಗಳಲ್ಲಿ ನಿಯಮವಾಗಿ ಕೂತುಬಿಟ್ಟಿತು.

ಹೆಜ್ಜೆಗಳ ಸಂಖ್ಯೆ ಮುಖ್ಯವೋ, ಬಿರುಸು ಮುಖ್ಯವೋ? ಇದನ್ನು ಒರೆಗೆ ಹಚ್ಚಿದವರೂ ಜಪಾನಿನವರೇ. ಮತ್ಸುಮೊಟೊ ನಗರದ ಶಿನ್‌ಶು ವಿಶ್ವವಿದ್ಯಾಲಯದ ಹಿರೋಶಿ ನೋಸೆ ಮತ್ತು ಸಂಗಡಿಗರು ಸರಾಸರಿ 63 ವರ್ಷದ 246 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಡಿಗೆಯ ತರಬೇತಿಯೇ ಇಲ್ಲ. ಇನ್ನೊಂದು ಗುಂಪು ಒಂದೇ ಹದದಲ್ಲಿ ದಿನಕ್ಕೆ ಎಂಟು ಸಾವಿರ ಹೆಜ್ಜೆ ಹಾಕಬೇಕು. ಮೂರನೆಯವರು ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ, ಹೀಗೆ ಐದು ಸುತ್ತು ನಡೆಯಬೇಕು. ವಾರಕ್ಕೆ ನಾಲ್ಕು ದಿನ, ಐದು ತಿಂಗಳು.

2007ರಲ್ಲಿ ಪ್ರಕಟವಾದ ಫಲಿತಾಂಶ ಮೂರನೆಯ ಗುಂಪಿನ ಪರವಾಗಿತ್ತು. ಅವರ ತೊಡೆಯ ಮುಂಭಾಗದ ಸ್ನಾಯುಗಳ ಬಲ ಶೇ 13ರಷ್ಟು, ಹಿಂಭಾಗದ್ದು ಶೇ 17ರಷ್ಟು ಏರಿತ್ತು. ನಡೆಯುವಾಗ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಶೇ 9ರಷ್ಟು ಹೆಚ್ಚಿತ್ತು. ಒಂದೇ ಹದದಲ್ಲಿ ನಡೆದವರಿಗಿಂತ ರಕ್ತದೊತ್ತಡವೂ ಹೆಚ್ಚು ಇಳಿದಿತ್ತು.

ಇದರ ಗುಟ್ಟು ನಡುವಿನ ಆ ನಿಧಾನದ ನಿಮಿಷಗಳಲ್ಲಿದೆ. ಹರಟುತ್ತ ನಡೆದರೆ ಹೃದಯಕ್ಕೆ ದುಡಿಮೆಯೇ ಇಲ್ಲ. ಹಾಗೆಂದು ಹದಿನೈದು ನಿಮಿಷ ಒಂದೇ ಸಮನೆ ಬಿರುಸಾಗಿ ನಡೆಯುವುದು ಅರವತ್ತು ದಾಟಿದ ಹಲವರಿಗೆ ಕಷ್ಟ. ಅದನ್ನೇ ಐದು ತುಂಡು ಮಾಡಿದರೆ, ಏದುಸಿರು ಬರುವ ಹೊತ್ತಿಗೆ ಬಿಡುವು ಸಿಗುತ್ತದೆ. ಉಸಿರು ತಹಬಂದಿಗೆ ಬಂದೊಡನೆ ಮತ್ತೊಂದು ಸುತ್ತಿಗೆ ಕಾಲು ಸಿದ್ಧ.

ಓಟಗಾರರಿಗೆ ಇದು ಹಳೆಯ ವಿದ್ಯೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ ರೋಜರ್ ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ; ಅಭ್ಯಾಸಕ್ಕೆ ಸಿಗುತ್ತಿದ್ದ ಹೊತ್ತೇ ಕಡಿಮೆ. ಕಾಲು ಮೈಲಿ ಜೋರಾಗಿ ಓಡಿ ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ಹತ್ತು ಸಲ: ಅವರ ತಯಾರಿಯ ಜೀವಾಳ ಇದೇ ಆಗಿತ್ತು.

ಹೊಸದಾಗಿ ಶುರು ಮಾಡುವವರಿಗೆ ಬಿರುಸಿನ ಅಳತೆ ಸರಳ: ಒಂದೆರಡು ಮಾತಾಡಬಹುದು, ಹಾಡಲು ಮಾತ್ರ ಉಸಿರು ಸಾಲಬಾರದು. ಮೊದಲ ಐದು ನಿಮಿಷ ಮೈ ಬಿಸಿಯಾಗಲಿ. ಆರಂಭದ ವಾರಗಳಲ್ಲಿ ಎರಡು ಸುತ್ತು ಸಾಕು. ಹೃದ್ರೋಗ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಎದೆನೋವೋ ತಲೆಸುತ್ತೋ ಕಂಡರೆ ತಕ್ಷಣ ನಿಲ್ಲಿಸಬೇಕು.

ಗಡಿಯಾರ ನೋಡುವುದು ರಗಳೆ ಎನ್ನುವವರಿಗೆ ಸ್ವೀಡನ್ನಿನ ‘ಫಾರ್ಟ್‌ಲೆಕ್’ ಇದೆ. ವೇಗದ ಆಟ ಎಂದು ಅದರ ಅರ್ಥ. ಈ ಲೈಟು ಕಂಬದಿಂದ ಮುಂದಿನ ಕಂಬದವರೆಗೆ ಜೋರು, ಅಲ್ಲಿಂದಾಚೆ ಎರಡು ಕಂಬ ನಿಧಾನ.