ಹಳೆಯ ಉಡುಪು, ಹೊಸ ಉದ್ಯೋಗ

ಕ್ರಿಸ್ತಜಯಂತಿ ಸಮೀಪಿಸಿದಂತೆ ನಮ್ಮ ಧರ್ಮಕೇಂದ್ರಗಳ ಕಚೇರಿಯ ಜಗಲಿಯಲ್ಲಿ ಹಳೆಯ ಬಟ್ಟೆಯ ಗಂಟುಗಳು ಒಂದೊಂದಾಗಿ ಬಂದು ಸೇರುತ್ತವೆ. ಬಿಚ್ಚಿ ನೋಡಿದರೆ ಎಲ್ಲ ಬಗೆಯವೂ ಇರುತ್ತವೆ: ಎರಡು ಮೂರು ಬಾರಿ ಮಾತ್ರ ಉಟ್ಟ ಸೀರೆ, ಮದುವೆಗೆಂದು ಹೊಲಿಸಿ ಆಮೇಲೆ ಬಿಗಿಯಾದ ಚೂಡಿದಾರ, ಗುಂಡಿ ಕಳೆದುಕೊಂಡ ಒಳ್ಳೆಯ ಷರ್ಟು, ಜೊತೆಗೆ ನೆಲ ಒರೆಸಲೂ ಬಾರದ ಚಿಂದಿ. ಅದೇ ಧರ್ಮಕೇಂದ್ರದ ಒಂದು ಮನೆಯಲ್ಲಿ ಬಿ.ಕಾಂ. ಮುಗಿಸಿದ ಮಗಳಿಗೆ ಸಂದರ್ಶನದ ಕರೆ ಬಂದಿರುತ್ತದೆ. ಅಂಕಪಟ್ಟಿಯ ಪ್ರತಿಗಳು ಸಿದ್ಧವಾಗಿವೆ, ಬಸ್ಸಿನ ವೇಳೆ ಗೊತ್ತಾಗಿದೆ; ಧರಿಸಿಕೊಂಡು ಹೋಗಲು ತಕ್ಕ ಉಡುಪು ಮಾತ್ರ ಇಲ್ಲ. ಆ ಗಂಟಿಗೂ ಈ ಮನೆಗೂ ನಾಲ್ಕು ಹೆಜ್ಜೆಯ ದೂರ. ಆದರೆ ನಡುವೆ ಸಂಕೋಚವೆಂಬ ಗೋಡೆಯೊಂದು ನಿಂತಿದೆ. ಒಬ್ಬರು ಉಟ್ಟುಬಿಟ್ಟ ಬಟ್ಟೆಯನ್ನು ಇನ್ನೊಬ್ಬರು ತಲೆಯೆತ್ತಿ ಉದ್ಯೋಗಕ್ಕೆ ಧರಿಸಿ ಹೋಗುವಂತೆ ಮಾಡುವುದು ಹೇಗೆಂಬುದನ್ನು ಈ ವಾರ ವಿಚಾರ ಮಾಡೋಣ.

ಬಟ್ಟೆ ಅಷ್ಟು ಮುಖ್ಯವೆ?

ಕೆಲವರು ಇಲ್ಲಿಯೇ ಆಕ್ಷೇಪವೆತ್ತಬಹುದು. ಸಂತ ಯಕೋಬನ ಪತ್ರದ 2ನೇ ಅಧ್ಯಾಯದಲ್ಲಿ, ಸಭೆಗೆ ಬಂದ ಹೊನ್ನುಂಗುರದ ಸಿರಿವಂತನಿಗೂ ಕೊಳೆಬಟ್ಟೆಯ ಬಡವನಿಗೂ ಬೇರೆ ಬೇರೆ ಪೀಠ ತೋರುವವರನ್ನು ಕಠಿಣವಾಗಿಯೇ ಎಚ್ಚರಿಸಲಾಗಿದೆ. ಹಾಗಿರುವಾಗ ಉಡುಪಿನ ಚಿಂತೆ ನಮಗೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಾಧುವಾದದ್ದೇ. ಬಟ್ಟೆಯಿಂದ ಮನುಷ್ಯನ ಬೆಲೆ ಅಳೆಯುವುದು ನಮ್ಮ ವಿಶ್ವಾಸಕ್ಕೆ ಒಪ್ಪದು. ಆದರೆ ಸಂದರ್ಶನದ ಕೋಣೆಯಲ್ಲಿ ಮೇಜಿನ ಆಚೆ ಕುಳಿತವರು ಅಭ್ಯರ್ಥಿಯ ಮಾತಿಗಿಂತ ಮೊದಲು ಅವಳ ಉಡುಪನ್ನೇ ನೋಡುತ್ತಾರೆ. ಅದು ಲೋಕದ ರೀತಿ. ಆ ರೀತಿಯನ್ನು ಒಂದೇ ದಿನದಲ್ಲಿ ಬದಲಿಸಲಾಗದು. ಬಡಮನೆಯ ಮಗಳು ಅದಕ್ಕೆ ಬಲಿಯಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಇನ್ನೂ ಒಂದು ಮಾತಿದೆ. ಧೈರ್ಯ ಕೊಡುವ ಉಡುಪು ಎಂದರೆ ದುಬಾರಿ ಉಡುಪೆಂದು ಅನೇಕರು ಭಾವಿಸುತ್ತಾರೆ. ಧರಿಸಿದ ಮೇಲೆ ಮರೆತುಹೋಗುವ ಉಡುಪೇ ಧೈರ್ಯ ಕೊಡುವ ಉಡುಪು. ಭುಜ ಜಾರುತ್ತಿದೆಯೇ, ಹೊಲಿಗೆ ಬಿಟ್ಟಿದೆಯೇ, ಕಂಕುಳಿನ ಕಲೆ ಕಾಣುತ್ತಿದೆಯೇ ಎಂದು ಗಳಿಗೆಗೊಮ್ಮೆ ನೋಡಿಕೊಳ್ಳುವವಳ ಗಮನ ಪ್ರಶ್ನೆಯ ಮೇಲೆ ನಿಲ್ಲುವುದಾದರೂ ಹೇಗೆ? ಮೈಗೆ ಸರಿಯಾಗಿ ಕೂತ, ಶುಭ್ರವಾದ, ಗಟ್ಟಿಯಾದ ಬಟ್ಟೆ ಹೊಸದಾಗಿದ್ದರೂ ಹಳೆಯದಾಗಿದ್ದರೂ ಒಂದೇ ಕೆಲಸ ಮಾಡುತ್ತದೆ.

ಮೂವರು ಭಗಿನಿಯರು ತೋರಿದ ದಾರಿ

ಅಮೆರಿಕೆಯ ನ್ಯೂಯಾರ್ಕ್ ನಗರದಲ್ಲಿ 1996ರಲ್ಲಿ ನ್ಯಾನ್ಸಿ ಲುಬ್ಲಿನ್ ಎಂಬ ಕಾನೂನು ವಿದ್ಯಾರ್ಥಿನಿಗೆ ಮುತ್ತಜ್ಜನ ಆಸ್ತಿಯಿಂದ 5,000 ಡಾಲರ್ ದೊರೆಯಿತು. ಕೆಲಸವಿಲ್ಲದ ಹೆಣ್ಣಿಗೆ ಒಳ್ಳೆಯ ಉಡುಪು ಕೊಳ್ಳಲು ಹಣವಿಲ್ಲ, ಒಳ್ಳೆಯ ಉಡುಪಿಲ್ಲದೆ ಕೆಲಸ ಸಿಗುವುದಿಲ್ಲ ಎಂಬ ಸುಳಿಯನ್ನು ಆಕೆ ಕಂಡಿದ್ದರು. ಸ್ಪ್ಯಾನಿಷ್ ಹಾರ್ಲೆಮ್ ಎಂಬ ಬಡ ಬಡಾವಣೆಯಲ್ಲಿ ಸೇವೆ ಮಾಡುತ್ತಿದ್ದ ಮೂವರು ಕಥೋಲಿಕ ಧರ್ಮಭಗಿನಿಯರ ನೆರವಿನಿಂದ ಆಕೆ ಆ ಹಣದಲ್ಲಿ ‘ಡ್ರೆಸ್ ಫಾರ್ ಸಕ್ಸೆಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಉದ್ಯೋಗದಲ್ಲಿದ್ದ ಮಹಿಳೆಯರು ಕೊಟ್ಟ ಉಡುಪುಗಳನ್ನು ಕೆಲಸ ಅರಸುವವರಿಗೆ ತಲುಪಿಸುವ ಈ ಸಂಸ್ಥೆ ಮುಂದೆ ಹಲವು ದೇಶಗಳಿಗೆ ಹಬ್ಬಿತು. ಅದರ ಕ್ರಮದಲ್ಲಿ ಎರಡು ಸಂಗತಿಗಳು ನಾವು ಕಲಿಯತಕ್ಕವು. ಮೊದಲನೆಯದು, ಬಂದವಳು ಅಂಗಡಿಗೆ ಬಂದ ಗಿರಾಕಿಯಂತೆ ತಾನೇ ಆರಿಸಿಕೊಳ್ಳುತ್ತಾಳೆ. ಒಬ್ಬ ಸ್ವಯಂಸೇವಕಿ ಜೊತೆಗಿದ್ದು ಸಲಹೆ ನೀಡುತ್ತಾಳೆ. ಎರಡನೆಯದು, ಸಂದರ್ಶನಕ್ಕೆ ಉಡುಪು ಕೊಟ್ಟು ಸಂಸ್ಥೆ ಕೈ ತೊಳೆದುಕೊಳ್ಳುವುದಿಲ್ಲ. ಕೆಲಸ ದೊರೆತ ಮೇಲೆ ದಿನನಿತ್ಯ ಧರಿಸಲು ಮತ್ತಷ್ಟು ಉಡುಪು ಕೊಡುತ್ತದೆ.

ನಮ್ಮ ದೇಶದಲ್ಲಿ 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಅವರು ಮನೆಯಲ್ಲಿದ್ದ 67 ಬಟ್ಟೆಗಳಿಂದ ‘ಗೂಂಜ್’ ಸಂಸ್ಥೆಯನ್ನು ಆರಂಭಿಸಿದರು. ಹಳ್ಳಿಯ ಜನ ಬಾವಿ ತೋಡಿದರೆ, ರಸ್ತೆ ಸರಿಪಡಿಸಿದರೆ, ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಕೊಡುವುದು ಅವರ ಪದ್ಧತಿ. ಪಡೆದವರು ಅದನ್ನು ಭಿಕ್ಷೆಯೆಂದು ಎಣಿಸಬಾರದು, ಸಂಪಾದನೆಯೆಂದು ತಿಳಿಯಬೇಕೆಂಬುದೇ ಇದರ ಹಿಂದಿನ ಆಲೋಚನೆ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ನ್ಯೂಯಾರ್ಕಾಗಲಿ ದೆಹಲಿಯಾಗಲಿ, ಯಶಸ್ಸಿನ ಗುಟ್ಟು ಒಂದೇ: ಪಡೆಯುವವರ ಮಾನಕ್ಕೆ ಕುಂದು ಬಾರದಂತೆ ಕೊಡುವುದು.

ಆರಿಸುವ ಬಗೆ

ಈಗ ಗಂಟನ್ನು ಬಿಚ್ಚಿ ಕುಳಿತುಕೊಳ್ಳೋಣ. ಹಳೆಯ ಉಡುಪನ್ನು ಮೊದಲು ಬೆಳಕಿಗೆ ಎತ್ತಿ ಹಿಡಿದು ನೋಡಬೇಕು. ಬಟ್ಟೆ ಸವೆದು ಜಾಳಾಗಿದ್ದರೆ ಅಲ್ಲಿ ಬೆಳಕು ಹೆಚ್ಚಾಗಿ ತೂರಿ ಬರುತ್ತದೆ. ಕಾಲರ್, ತೋಳಿನ ತುದಿ, ಕಂಕುಳು, ಪ್ಯಾಂಟಿನ ಆಸನದ ಭಾಗ ಮತ್ತು ತೊಡೆಯ ಒಳಬದಿ, ಇವು ಬೇಗ ಸವೆಯುವ ಸ್ಥಳಗಳು. ರೇಷ್ಮೆ ಸೀರೆಯಾದರೆ ಮಡಿಕೆಯ ಗೆರೆಗಳನ್ನು ಪರೀಕ್ಷಿಸಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ.

ಅನಂತರ ಭುಜ. ಸೊಂಟವನ್ನು ಬಿಗಿ ಮಾಡಬಹುದು, ಉದ್ದವನ್ನು ಮಡಿಸಬಹುದು, ತೋಳನ್ನು ಕಿರಿದಾಗಿಸಬಹುದು. ಭುಜ ತಪ್ಪಿದ ಉಡುಪನ್ನು, ಅದರಲ್ಲೂ ಕೋಟನ್ನು, ಸರಿಪಡಿಸಲು ನುರಿತ ದರ್ಜಿಯೂ ಹಿಂಜರಿಯುತ್ತಾನೆ. ಆದ್ದರಿಂದ ಭುಜ ಸರಿಯಿದ್ದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬಿಡಬೇಕು. ಬಿಗಿಯಾದ ಬಟ್ಟೆಗಿಂತ ತುಸು ಸಡಿಲವಾದದ್ದೇ ಲೇಸು. ಬಿಗಿಯಾಗಿದ್ದಲ್ಲಿ ಹೊಲಿಗೆಯನ್ನು ಒಳಗಿನಿಂದ ನೋಡಬೇಕು. ನಮ್ಮ ದರ್ಜಿಗಳು ರವಿಕೆಯ ಎರಡೂ ಪಕ್ಕದಲ್ಲಿ ಮತ್ತು ಗಂಡಸರ ಪ್ಯಾಂಟಿನ ಹಿಂಬದಿಯ ಹೊಲಿಗೆಯಲ್ಲಿ ಸ್ವಲ್ಪ ಬಟ್ಟೆ ಬಿಟ್ಟಿರುವುದು ವಾಡಿಕೆ. ಹೊಲಿಗೆ ಬಿಚ್ಚಿ ಅಷ್ಟು ಅಗಲ ಮಾಡಬಹುದು.

ಧರಿಸಿ ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಸಾಲದು. ಕುರ್ಚಿಯಲ್ಲಿ ಕುಳಿತು ಏಳಬೇಕು, ಬಸ್ಸಿನ ಕಂಬಿ ಹಿಡಿಯುವಂತೆ ಕೈ ಮೇಲೆತ್ತಬೇಕು, ಬಗ್ಗಿ ನೆಲದಿಂದ ಕಾಗದವೊಂದನ್ನು ಎತ್ತಿಕೊಳ್ಳಬೇಕು. ಈ ಮೂರರಲ್ಲಿ ಎಲ್ಲಿಯೂ ಎಳೆಯದ, ಜಾರದ ಉಡುಪು ದಿನವಿಡೀ ಕೆಲಸಕ್ಕೆ ಒದಗುತ್ತದೆ.

ತಿದ್ದುವ ಬಗೆ

ಬಂದ ಬಟ್ಟೆಯನ್ನು ಮೊದಲು ಒಗೆದು ಬಿಸಿಲಿಗೆ ಹರವಬೇಕು. ಅಡುಗೆಮನೆಯಲ್ಲಿ ತಗುಲಿದ ಅರಿಶಿನದ ಕಲೆ ಸೋಪಿಗೆ ಹೋಗದಿದ್ದರೂ ಬಿಸಿಲಿಗೆ ಮಾಸುತ್ತದೆ. ಪೆಟ್ಟಿಗೆಯಲ್ಲಿದ್ದ ನುಸಿಗುಳಿಗೆಯ ವಾಸನೆಯೂ ಎರಡು ಮೂರು ದಿನ ಗಾಳಿಗೆ ಹಾಕಿದರೆ ತಗ್ಗುತ್ತದೆ. ಈ ವಾಸನೆಯನ್ನು ಕಡೆಗಣಿಸಬಾರದು. ಎರವಲು ಬಟ್ಟೆಯೆಂದು ಎಲ್ಲರಿಗಿಂತ ಮೊದಲು ಸಾರಿ ಹೇಳುವುದು ಅದೇ.

ಒಂದು ಗುಂಡಿ ಹೋಗಿದ್ದರೆ ಬೇರೆ ಬಣ್ಣದ ಒಂದನ್ನು ಹಚ್ಚುವ ಬದಲು ಎಲ್ಲ ಗುಂಡಿಗಳನ್ನೂ ತೆಗೆದು ಹೊಸ ಜೊತೆಯನ್ನು ಹಚ್ಚುವುದು ಮೇಲು. ಅಲ್ಪ ಖರ್ಚಿನಲ್ಲಿ ಉಡುಪಿನ ಮುಖವೇ ಬದಲಾಗುತ್ತದೆ. ಕಾಲರ್ ಸವೆದ ಷರ್ಟಿಗೆ ನಮ್ಮ ಹಿರಿಯರು ಒಂದು ಉಪಾಯ ಬಲ್ಲವರಾಗಿದ್ದರು: ಕಾಲರಿನ ಹೊಲಿಗೆ ಬಿಚ್ಚಿ, ಅದನ್ನು ತಿರುಗಿಸಿ ಮತ್ತೆ ಹೊಲಿದರೆ ಸವೆದ ಬದಿ ಅಡಿಗೆ ಹೋಗಿ ಗಟ್ಟಿ ಬದಿ ಮೇಲೆ ಬರುತ್ತದೆ. ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದಾಗ ಉಳಿಯುವ ಹಳೆಯ ಗೆರೆಯನ್ನು ನೀರು ಬೆರೆಸಿದ ವಿನೆಗರ್ ಸವರಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ತಗ್ಗಿಸಬಹುದು. ಸಣ್ಣ ತೂತನ್ನು ಅದೇ ಬಣ್ಣದ ಎಳೆಯಿಂದ ರಫೂ ಮಾಡಿದರೆ ಹತ್ತಿರ ಬಂದವರಿಗೂ ತಿಳಿಯದು.

ಸೀರೆಯ ವಿಷಯದಲ್ಲಿ ರವಿಕೆಯೇ ನಿರ್ಣಾಯಕ. ಹಳೆಯ ಸೀರೆಗೆ ಅದರ ಅಂಚಿನ ಬಣ್ಣಗಳಲ್ಲೊಂದನ್ನು ಆರಿಸಿ ಅಳತೆಗೆ ಸರಿಯಾಗಿ ಹೊಸ ರವಿಕೆ ಹೊಲಿಸಿದರೆ ಸೀರೆಯ ವಯಸ್ಸನ್ನು ಯಾರೂ ಕೇಳುವುದಿಲ್ಲ. ಸವೆದ ಫಾಲ್ ಬದಲಿಸಿ, ಪಿಕೋ ಮಾಡಿಸಿ, ಹತ್ತಿ ಸೀರೆಯಾದರೆ ತೆಳ್ಳಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಾಗ ನೆರಿಗೆ ತಾನಾಗಿ ನಿಲ್ಲುತ್ತದೆ. ಸೆರಗು ಹರಿದು ಉಳಿದ ಭಾಗ ಗಟ್ಟಿಯಾಗಿರುವ ಸೀರೆಯಲ್ಲಿ ಒಂದು ಕುರ್ತಾ ಸುಲಭವಾಗಿ ಆಗುತ್ತದೆ.

ಒಂದು ವಾರದ ಲೆಕ್ಕ

ಸಂದರ್ಶನ ಮುಗಿದು ಕೆಲಸ ಸಿಕ್ಕಿತೆನ್ನಿ. ಮೊದಲ ಸಂಬಳ ಬರುವವರೆಗೆ ಒಂದು ತಿಂಗಳು ಪ್ರತಿದಿನ ಕಚೇರಿಗೆ ಹೋಗಬೇಕು. ಇಲ್ಲಿ ಬಹಳ ಬಟ್ಟೆ ಬೇಕಾಗಿಲ್ಲ, ಲೆಕ್ಕ ಬೇಕು. ಮೂರು ಕುರ್ತಾಗಳು ಮತ್ತು ಎಲ್ಲಕ್ಕೂ ಹೊಂದುವ ಎರಡು ಸಲ್ವಾರುಗಳು, ಒಂದು ಕಪ್ಪು ಅಥವಾ ಕಡುನೀಲಿ, ಇನ್ನೊಂದು ಬಿಳಿ ಅಥವಾ ಕೆನೆ ಬಣ್ಣದ್ದು, ಇದ್ದರೆ ಆರು ಜೋಡಿಗಳಾಗುತ್ತವೆ. ಸೋಮವಾರದಿಂದ ಶನಿವಾರದವರೆಗೆ ಆರು ದಿನ. ಮೂರು ಷರ್ಟು, ಎರಡು ಪ್ಯಾಂಟು ಇರುವ ಯುವಕನಿಗೂ ಇದೇ ಲೆಕ್ಕ. ಆದುದರಿಂದ ಗಂಟಿನಿಂದ ಆರಿಸುವಾಗ ಕಣ್ಣಿಗೆ ಕಂಡ ಚಂದದ ಒಂದೊಂದನ್ನೇ ಎತ್ತಿಕೊಳ್ಳದೆ, ಇರುವ ಬೇರೆಯದರೊಡನೆ ಅದು ಸೇರುತ್ತದೆಯೇ ಎಂದು ನೋಡಬೇಕು. ಮಿರುಗುವ ಕಸೂತಿಯ ಮದುವೆ ಚೂಡಿದಾರ ಎಷ್ಟೇ ಬೆಲೆಬಾಳುವುದಾಗಿದ್ದರೂ ಬ್ಯಾಂಕಿನ ಕೌಂಟರಿಗೆ ಹೊಂದದು. ಅದರ ಸರಳವಾದ ಸಲ್ವಾರನ್ನು ಮಾತ್ರ ಇಟ್ಟುಕೊಳ್ಳಬಹುದು.

ಕೊಡುವವರ ಕರ್ತವ್ಯ

ಪಡೆಯುವವರ ಸಂಕೋಚ ನೀಗುವುದು ಹೆಚ್ಚಾಗಿ ಕೊಡುವವರ ನಡತೆಯಿಂದ. ನಮ್ಮದು ಸಣ್ಣ ಸಣ್ಣ ಧರ್ಮಕೇಂದ್ರಗಳು. ಯಾರ ಸೀರೆ ಯಾವುದೆಂದು ಎಲ್ಲರಿಗೂ ಗೊತ್ತು. ದಾನವಾಗಿ ಬಂದ ಸೀರೆಯುಟ್ಟು ಭಾನುವಾರದ ಬಲಿಪೂಜೆಗೆ ಬಂದ ತಾಯಿ, ಅದರ ಹಿಂದಿನ ಒಡತಿ ಎರಡು ಬೆಂಚು ಮುಂದೆ ಕುಳಿತಿರುವುದನ್ನು ಕಂಡು ಸೆರಗನ್ನು ಒಳಕ್ಕೆ ಸೆಳೆದುಕೊಂಡರೆ ಆ ದಾನದಿಂದ ಸುಖವೇನು? “ಆ ಸೀರೆ ನಿಂಗೆ ಚೆನ್ನಾಗಿ ಒಪ್ತದೆ ಕಣಮ್ಮ, ನಾನು ಕೊಟ್ಟದ್ದಲ್ಲವೇ” ಎಂದು ಚರ್ಚಿನ ಅಂಗಳದಲ್ಲಿ ನಾಲ್ಕು ಜನರ ಎದುರಿಗೆ ಆಡುವ ಮಾತು ಹೊಗಳಿಕೆಯಾಗಿ ಕೇಳಿಸಿದರೂ ಅದು ಗಾಯವೇ. ಇದಕ್ಕೊಂದು ಸರಳ ಪರಿಹಾರವಿದೆ. ನೆರೆಯ ಎರಡು ಧರ್ಮಕೇಂದ್ರಗಳು ತಮ್ಮಲ್ಲಿ ಬಂದ ಬಟ್ಟೆಯನ್ನು ಅದಲು ಬದಲು ಮಾಡಿಕೊಳ್ಳಲಿ. ಆಗ ಉಟ್ಟವರಿಗೆ ಕೊಟ್ಟವರು ತಿಳಿಯರು, ಕೊಟ್ಟವರಿಗೆ ಉಟ್ಟವರು ತಿಳಿಯರು. ಗುಟ್ಟಾಗಿ ಕೊಡಬೇಕೆಂಬ ಪ್ರಭು ಯೇಸುವಿನ ಬೋಧನೆಯೂ ಪಾಲನೆಯಾದಂತಾಗುತ್ತದೆ.

ಕೊಡುವ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಚ್ಚಿದ್ದಾಗಿರಲಿ. ನಮ್ಮ ಸ್ವಂತ ಮಗಳಿಗೆ ಕೊಡಲು ಮನಸ್ಸು ಬಾರದ್ದನ್ನು ಇನ್ನೊಬ್ಬರ ಮಗಳಿಗೆ ಕೊಡದಿರೋಣ. ಧರ್ಮಕೇಂದ್ರದಲ್ಲಿ ಅವನ್ನು ರಾಶಿ ಹಾಕದೆ ಹಗ್ಗಕ್ಕೋ ಸರಳಿಗೋ ತೂಗುಹಾಕಿ, ಅಳತೆಯ ಚೀಟಿ ಅಂಟಿಸಿ, ಮರೆಯಲ್ಲೊಂದು ನಿಲುವುಗನ್ನಡಿ ಇಡಲಿ. ಅನೇಕ ಕಾನ್ವೆಂಟುಗಳಲ್ಲಿ ಧರ್ಮಭಗಿನಿಯರು ಹೊಲಿಗೆ ತರಗತಿ ನಡೆಸುತ್ತಾರೆ. ಅಲ್ಲಿಯ ಕಲಿಕೆಯಲ್ಲಿ ಹಳೆಯ ಬಟ್ಟೆ ತಿದ್ದುವ ವಿದ್ಯೆಯೂ ಸೇರಿದರೆ ಕಲಿಯುವವರಿಗೆ ಕಸುಬು, ಉಡುವವರಿಗೆ ಉಡುಪು, ಎರಡೂ ಒದಗುತ್ತವೆ. ಬಡವರ ಮನೆಗಳಿಗೆ ಸ್ವತಃ ಭೇಟಿ ಕೊಡುವುದನ್ನೇ ನಿಯಮವಾಗಿಸಿಕೊಂಡ ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯರಿಗೆ ಯಾವ ಮನೆಯಲ್ಲಿ ಸಂದರ್ಶನದ ಕರೆ ಬಂದಿದೆಯೆಂದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಫ್ರೆಡರಿಕ್ ಓಝನಾಮ್ ಮತ್ತು ಸಂಗಡಿಗರು 1833ರಲ್ಲಿ ಪ್ಯಾರಿಸಿನಲ್ಲಿ ಈ ಸಭೆಯನ್ನು ಆರಂಭಿಸಿದಾಗ ಆತನೂ ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿಯಾಗಿದ್ದನೆಂಬುದನ್ನು ನಮ್ಮ ಯುವಜನರು ನೆನೆಯಬೇಕು.

ನವೆಂಬರಿನ ಎರಡು ಹಬ್ಬಗಳು

ಬಟ್ಟೆಗೂ ನಮ್ಮ ಧರ್ಮಸಭೆಗೂ ಇರುವ ನಂಟು ಪುರಾತನವಾದದ್ದು. ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ತಬಿಥ ಎಂಬ ಪುಣ್ಯವತಿ ತೀರಿಕೊಂಡಾಗ ವಿಧವೆಯರು ಅಳುತ್ತ ಸಂತ ಪೇತ್ರನಿಗೆ ತೋರಿಸಿದ್ದು ಆಕೆ ತಮಗಾಗಿ ಹೊಲಿದ ಅಂಗಿಗಳನ್ನು. ನವೆಂಬರ್ 11ರಂದು ನಾವು ಸ್ಮರಿಸುವ ತೂರ್ಸಿನ ಸಂತ ಮಾರ್ಟಿನ್ ಆಮಿಯೆನ್ ನಗರದ ಬಾಗಿಲಿನಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ಕೊಟ್ಟದ್ದು ಮೂಲೆಗೆಸೆದ ಚಿಂದಿಯನ್ನಲ್ಲ, ತಾನು ಆಗ ಹೊದ್ದಿದ್ದ ಮೇಲಂಗಿಯ ಅರ್ಧವನ್ನು. ಉಳಿದರ್ಧವನ್ನು ಹೊದ್ದು ನಿಂತ ಆ ಸೈನಿಕನನ್ನು ಕಂಡು ಕೆಲವರು ನಕ್ಕರೆಂದು ಅವನ ಚರಿತ್ರೆ ಹೇಳುತ್ತದೆ. ಆ ಮೇಲಂಗಿಯನ್ನು ಕಾಪಿಟ್ಟ ಸ್ಥಳದ ಲತೀನ್ ಹೆಸರಿನಿಂದಲೇ ‘ಚಾಪೆಲ್’ ಎಂಬ ಪದ ಹುಟ್ಟಿತು. ಇನ್ನೆರಡು ದಿನಕ್ಕೆ, ನವೆಂಬರ್ 13ರಂದು, ದರ್ಜಿಗಳ ಪಾಲಕರಾದ ಸಂತ ಹೊಮೊಬೋನುಸರ ಸ್ಮರಣೆ. ಇಟಲಿಯ ಕ್ರೆಮೋನ ನಗರದ ಈ ಬಟ್ಟೆ ವ್ಯಾಪಾರಿ 1197ರಲ್ಲಿ ತೀರಿಕೊಂಡರು. 1199ರಲ್ಲಿಯೇ ಅವರನ್ನು ಸಂತರೆಂದು ಘೋಷಿಸಲಾಯಿತು.

ವಸ್ತುವೊಂದನ್ನು ಒಡನೆಯೇ ಬಿಸಾಡದೆ ಮತ್ತೆ ಬಳಸುವುದು, ಸದುದ್ದೇಶದಿಂದ ಮಾಡಿದಾಗ, ಪ್ರೀತಿಯ ಕಾರ್ಯವಾಗಬಲ್ಲದೆಂದು ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ತಿಳಿಸಿದ್ದಾರೆ. ಕ್ರಿಸ್ತಜಯಂತಿಯ ನೂಕುನುಗ್ಗಲಿಗೆ ಕಾಯದೆ, ಈ ಎರಡು ಹಬ್ಬಗಳ ವಾರದಲ್ಲಿ ಕೆಲಸಕ್ಕೆ ಒದಗುವ ಉಡುಪುಗಳನ್ನೇ ಬೇರೆಯಾಗಿ ಸಂಗ್ರಹಿಸುವ ವಾಡಿಕೆಯನ್ನು ನಮ್ಮ ಧರ್ಮಕೇಂದ್ರಗಳು ಆರಂಭಿಸಬಾರದೇಕೆ? ಪ್ರತಿ ಮನೆಯಿಂದ ಒಂದು ಉಡುಪು ಸಾಕು. ಅದು ಒಗೆದದ್ದಾಗಿರಲಿ, ತಿದ್ದಿದ್ದಾಗಿರಲಿ, ಹೆಸರಿಲ್ಲದ್ದಾಗಿರಲಿ. ಹೊಸ ವರ್ಷದಲ್ಲಿ ಯಾವುದೋ ಊರಿನ ಮಗಳೊಬ್ಬಳು ಅದನ್ನು ಧರಿಸಿ ಸಂದರ್ಶನದ ಕೋಣೆಯ ಬಾಗಿಲು ತಟ್ಟುವಾಗ, ಬಟ್ಟೆಯ ಚಿಂತೆಯಿಲ್ಲದೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿ.